ಪುಣೆಯ ಸುತ್ತಲ ಜಲಾಶಯಗಳು: ಯಾವ ತಿಂಗಳಿಗೆ ಯಾವ ನೀರು?

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ದಸರೆಯಿಂದ ಸಂಕ್ರಾಂತಿಯವರೆಗೆ ಊರಿನ ನೆಂಟರು ಬರುತ್ತಲೇ ಇರುತ್ತಾರೆ. ಶನಿವಾರವಾಡಾ, ದಗಡೂಶೇಟ್ ಗಣಪತಿ, ತುಳಸಿಬಾಗಿನ ಖರೀದಿ ಎಲ್ಲ ಮುಗಿದು ಮೂರನೆಯ ದಿನ ಬೆಳಗಿನ ಚಹಾ ಹೊತ್ತಿಗೆ ಯಾರಾದರೊಬ್ಬರು ಕೇಳುತ್ತಾರೆ: "ಇಲ್ಲಿ ಹತ್ತಿರದಲ್ಲಿ ಯಾವುದೋ ಡ್ಯಾಮ್ ಇದೆಯಂತಲ್ಲ, ಹೋಗಿ ಬರೋಣವೇ?" ಪುಣೆಯ ಸುತ್ತ ಇರುವುದು ಒಂದು ಡ್ಯಾಮ್ ಅಲ್ಲ, ಹತ್ತಾರು. ಮೊದಲೆಲ್ಲ ನಾನು ದೂರ ನೋಡಿ ಉತ್ತರ ಹೇಳುತ್ತಿದ್ದೆ. ಈಗ ಕ್ಯಾಲೆಂಡರ್ ನೋಡಿ ಹೇಳುತ್ತೇನೆ.

ಹೀಗೆ ಬದಲಾಗಲು ಕಾರಣ ಅವ್ವನ ಜೊತೆ ಹೋದ ಒಂದು ಪ್ರಯಾಣ. ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯಲ್ಲಿದೆ. ಸೊಲ್ಲಾಪುರದ ಹಾದಿಯಲ್ಲಿ ಬರುವಾಗ ಭಿಗವಣದ ಹತ್ತಿರ, ಉಜನಿ ಅಣೆಕಟ್ಟಿನ ಹಿನ್ನೀರಿಗೆ ಗುಲಾಬಿ ಬಣ್ಣದ ರಾಜಹಂಸಗಳು (ಫ್ಲೆಮಿಂಗೊ) ಬರುತ್ತವೆಂದು ಅವ್ವ ಯಾರಿಂದಲೋ ಕೇಳಿದ್ದಳು. ಅಕ್ಟೋಬರ್ ಮೊದಲ ವಾರ ನಸುಕಿನ ನಾಲ್ಕಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ನೂರು ಕಿಲೋಮೀಟರ್ ಹೋದೆವು. ಕಣ್ಣು ಹಾಯುವಷ್ಟು ದೂರ ನೀರೇ ನೀರು. ನಾಲ್ಕು ಬೆಳ್ಳಕ್ಕಿ, ಒಂದಿಷ್ಟು ನೀರುಕಾಗೆಗಳನ್ನು ಬಿಟ್ಟರೆ ಬೇರೆ ಹಕ್ಕಿ ಇರಲಿಲ್ಲ. ದೋಣಿಯ ಹಿರಿಯರು ಅವ್ವನ ಮುಖ ನೋಡಿ ಮರಾಠಿಯಲ್ಲಿ ಸಮಾಧಾನ ಹೇಳಿದರು: "ನೀರು ಇಳಿಯಲಿ ತಾಯಿ, ಅವು ಬರುತ್ತವೆ." ಫೆಬ್ರುವರಿಯಲ್ಲಿ ಮತ್ತೆ ಹೋದಾಗ ಅದೇ ಜಾಗದಲ್ಲಿ ನೀರು ಹಿಂದೆ ಸರಿದಿತ್ತು. ಕೆಸರಿನ ಅಂಚಿನಲ್ಲಿ ನೂರಾರು ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿದ್ದವು.

ಜಲಾಶಯ ತುಂಬಿದಾಗ ಮನುಷ್ಯರ ಕಣ್ಣಿಗೆ ಹಬ್ಬ, ಅದು ಬತ್ತತೊಡಗಿದಾಗ ಹಕ್ಕಿಗಳ ಹೊಟ್ಟೆಗೆ ಹಬ್ಬ. ನೀರಿನಲ್ಲಿ ನಿಂತು ಮೇಯುವ ಹಕ್ಕಿಗೆ ಮೊಣಕಾಲು ಮಟ್ಟದ ತೆಳುನೀರು ಬೇಕು, ಹುಳು ಹುಪ್ಪಟೆ ಸಿಗುವ ಹಸಿ ಕೆಸರು ಬೇಕು. ನೀರು ತುಂಬಿದ್ದಾಗ ಆ ಕೆಸರೆಲ್ಲ ಹತ್ತಾರು ಅಡಿ ಆಳದಲ್ಲಿರುತ್ತದೆ. ಕಾಲುವೆಗಳಿಗೆ ನೀರು ಬಿಡುತ್ತ ಬಿಡುತ್ತ ದಂಡೆ ಹಿಂದೆ ಸರಿದ ಮೇಲೆಯೇ ಅವುಗಳ ಅನ್ನ ಮೇಲೆ ಬರುವುದು. ಆದ್ದರಿಂದ ಯಾವ ಜಲಾಶಯ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ಮರಳಿ ಕೇಳುತ್ತೇನೆ. ನಿಮಗೆ ನೀರು ನೋಡಬೇಕೇ, ಹಕ್ಕಿ ನೋಡಬೇಕೇ? ಜೊತೆಗೆ ಯಾರು ಬರುತ್ತಾರೆ?

ಖಡಕವಾಸಲಾ: ಅರ್ಧ ದಿನ ಇದ್ದವರಿಗೆ

ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬೇಕೆಂದರೆ ಖಡಕವಾಸಲಾಕ್ಕೆ ಸಾಟಿಯಿಲ್ಲ. ಸ್ವಾರಗೇಟ್‌ನಿಂದ ಸುಮಾರು ಇಪ್ಪತ್ತು ಕಿಲೋಮೀಟರ್, ಪುಣೆಯ ನಗರ ಸಾರಿಗೆಯ (ಪಿಎಂಪಿಎಂಎಲ್) ಬಸ್ಸಿನಲ್ಲೇ ಹೋಗಬಹುದು. ಮುಠಾ ನದಿಗೆ ಅಡ್ಡಲಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕಟ್ಟಿದ ಈ ಅಣೆಕಟ್ಟಿನ ಕೆರೆಗೆ ಅದನ್ನು ರೂಪಿಸಿದ ಎಂಜಿನಿಯರ್ ಹೆಸರಿನಲ್ಲಿ ಫೈಫ್ ಸರೋವರ ಎನ್ನುತ್ತಿದ್ದರು.

ಕನ್ನಡಿಗರನ್ನು ಇಲ್ಲಿಗೆ ಕರೆದುಕೊಂಡು ಹೋದಾಗ ನಾನು ತಪ್ಪದೆ ಹೇಳುವ ಸಂಗತಿ ಒಂದಿದೆ. ಪುಣೆಯಲ್ಲೇ ಎಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ್ದ ನಮ್ಮ ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಅಳವಡಿಸಿದ್ದು ಈ ಖಡಕವಾಸಲಾದಲ್ಲಿ, 1903ರಲ್ಲಿ. ಕಲ್ಲಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡುವುದು, ಪ್ರವಾಹ ಬಂದು ನೀರು ಗೊತ್ತಾದ ಮಟ್ಟ ಮುಟ್ಟಿದಾಗ ಗೇಟು ತಾನಾಗಿ ತೆರೆದುಕೊಳ್ಳುವುದು ಆ ಏರ್ಪಾಡಿನ ಜಾಣತನ. ಮುಂದೆ ಗ್ವಾಲಿಯರ್ ಬಳಿಯ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಹೋದದ್ದು ಇದೇ ತತ್ತ್ವ. ಮಂಡ್ಯದಿಂದ ಬಂದ ನನ್ನ ಹೆಂಡತಿಯ ಸೋದರಮಾವ ಇದನ್ನು ಕೇಳಿ ಕೆರೆದಂಡೆಯ ಚೌಪಾಟಿಯ ಗದ್ದಲದಲ್ಲಿಯೂ ಬಹಳ ಹೊತ್ತು ಅಣೆಕಟ್ಟಿನ ಕಡೆಗೇ ನೋಡುತ್ತ ನಿಂತುಬಿಟ್ಟರು.

ಪುಣೆಯ ಹಳಬರಿಗೆ ಖಡಕವಾಸಲಾದ ಹೆಸರು ಕೇಳಿದರೆ ನೆನಪಾಗುವುದು ಬೇರೆಯೇ. 1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು ಒಡೆಯಿತು. ಕಾಮಗಾರಿ ಇನ್ನೂ ಪೂರ್ತಿ ಮುಗಿದಿರದ ಅಣೆಕಟ್ಟು ಅದು. ಆ ನೀರಿನ ಹೊಡೆತಕ್ಕೆ ಖಡಕವಾಸಲಾದ ಗೋಡೆಯೂ ಬಿರಿದು ನದಿ ದಂಡೆಯ ಪೇಠೆಗಳೆಲ್ಲ ಮುಳುಗಿದವು. ಎರಡೂ ಅಣೆಕಟ್ಟುಗಳನ್ನು ಮತ್ತೆ ಕಟ್ಟಲಾಯಿತು. ನೀರಿನ ಪಕ್ಕ ನಿಂತು ಭಜಿ ತಿನ್ನುವಾಗ ಮಕ್ಕಳಿಗೆ ಈ ಕಥೆ ಹೇಳಿ. ಪುಣೆಯ ಯಾವ ಸೇತುವೆ ನೋಡಿದರೂ ಆಮೇಲೆ ಅವರು ನೀರಿನ ಮಟ್ಟವನ್ನು ಕೇಳುತ್ತಾರೆ.

ಖಡಕವಾಸಲಾ ಚಿಕ್ಕ ಪಾತ್ರೆ. ಪುಣೆಗೆ ನೀರುಣಿಸುವ ಖಡಕವಾಸಲಾ, ಪಾನಶೇತ, ವರಸಗಾವ್, ಟೇಮಘರ್ ನಾಲ್ಕೂ ಸೇರಿ ಸುಮಾರು 29 ಟಿಎಂಸಿ ಹಿಡಿಯುತ್ತವೆ. ಅದರಲ್ಲಿ ಖಡಕವಾಸಲಾದ ಪಾಲು ಎರಡು ಟಿಎಂಸಿಗೂ ತುಸು ಕಡಿಮೆ. ಮೇಲಿನ ಮೂರರಿಂದ ನೀರು ಬರುತ್ತಲೇ ಇರುವುದರಿಂದ ಮಳೆಗಾಲದಲ್ಲಿ ಇದು ಬೇಗ ತುಂಬಿ ಗೇಟು ತೆರೆಯುತ್ತದೆ. ಮುಠಾ ಉಕ್ಕಿ ನಗರದ ಭಿಡೆ ಸೇತುವೆ ಮುಳುಗಿತೆಂದು ಸುದ್ದಿ ಬಂದರೆ ಖಡಕವಾಸಲಾದಿಂದ ನೀರು ಬಿಟ್ಟಿದ್ದಾರೆ ಎಂದೇ ಅರ್ಥ. ಅಂಥ ದಿನ ಅಣೆಕಟ್ಟಿನ ಕೆಳಗಿನ ಹೊಳೆಪಾತ್ರಕ್ಕೆ ಯಾರೂ ಇಳಿಯಬಾರದು.

ಹೋಗಲು ಒಳ್ಳೆಯ ಕಾಲ ಆಗಸ್ಟ್ ಮಧ್ಯದಿಂದ ಅಕ್ಟೋಬರ್. ವಾರದ ನಡುವಿನ ದಿನ, ಬೆಳಿಗ್ಗೆ ಏಳರ ಒಳಗೆ ಹೋಗಿ. ಎದುರಿಗೆ ಸಿಂಹಗಡದ ನೆತ್ತಿ ಮೋಡದಲ್ಲಿ ಮುಳುಗಿ ಏಳುತ್ತಿರುತ್ತದೆ. ಭಾನುವಾರ ಸಂಜೆ ಮಾತ್ರ ಬೇಡ. ಚೌಪಾಟಿಯ ಮುಂದೆ ಮೈಲುಗಟ್ಟಲೆ ವಾಹನ ನಿಂತು, ನೀರಿಗಿಂತ ಹೊಗೆಯೇ ಹೆಚ್ಚು ಕಾಣುತ್ತದೆ. ಕೆರೆಯ ಒಂದು ಮಗ್ಗುಲು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯದು. ಕೆಡೆಟ್‌ಗಳು ಹಾಯಿದೋಣಿ ಕಲಿಯುವ ಪೀಕಾಕ್ ಬೇ ಇರುವುದು ಅಲ್ಲೇ. ಸಾರ್ವಜನಿಕರಿಗೆ ಪ್ರವೇಶವಿಲ್ಲದ ಆ ಕಾಡಿನಂಥ ದಂಡೆ ಹಕ್ಕಿಗಳಿಗೆ ನಿಜವಾದ ಆಸರೆ. ಚಳಿಗಾಲದ ಮುಂಜಾನೆ ನಮ್ಮ ಕಡೆಯ ದಂಡೆಯಿಂದ ದುರ್ಬೀನು ಹಿಡಿದರೆ ರೀವ ಹಕ್ಕಿ, ಕಪ್ಪುಬಿಳಿ ಮಿಂಚುಳ್ಳಿ, ಒಂದಷ್ಟು ಬಾತುಗಳು ಸಿಕ್ಕೇ ಸಿಗುತ್ತವೆ. ಆದರೆ ಹಕ್ಕಿಗೆಂದೇ ದೂರದಿಂದ ಬಂದವರನ್ನು ನಾನು ಇಲ್ಲಿಗೆ ಕರೆತರುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಇಲ್ಲಿ ಪರಕೀಯತೆ ಇಲ್ಲ. ಕಾಂದಾ ಭಜಿ, ಕೆಂಡದ ಮೇಲೆ ಸುಟ್ಟ ಜೋಳದ ತೆನೆ, ಗಡದ ಮೇಲೆ ಹೋದರೆ ಝುಣಕಾ ಭಾಕರಿ ಮತ್ತು ಮಡಕೆಯ ಮೊಸರು. ಕಲಬುರಗಿಯ ಅತ್ತಿಗೆಯೊಬ್ಬರು ಝುಣಕಾ ಬಾಯಿಗಿಟ್ಟು, "ಇದು ನಮ್ಮ ಮನೆಯದೇ, ಖಾರ ಮಾತ್ರ ಒಂದು ಹಿಡಿ ಕಡಿಮೆ" ಎಂದಿದ್ದರು.

ಇದೇ ದಾರಿಯಲ್ಲಿ ಮುಂದೆ ಪಾನಶೇತ, ವರಸಗಾವ್ ಜೋಡಿ ಜಲಾಶಯಗಳು ಸಿಗುತ್ತವೆ. ಗುಡ್ಡ ಹೆಚ್ಚು, ಜನ ಕಡಿಮೆ, ರಸ್ತೆ ತಿರುವುಮುರುವು. ಖಡಕವಾಸಲಾದ ಗದ್ದಲ ಒಗ್ಗದ ಗೆಳೆಯರ ಗುಂಪಿಗೆ ಸರಿಹೋಗುತ್ತವೆ. ಬೈಕಿನಲ್ಲಿ ಹೋಗುವವರು ಪಕ್ಕದ ನೀಲಕಂಠೇಶ್ವರದ ಗುಡ್ಡವನ್ನೂ ಹತ್ತಿ ಬರಬಹುದು. ಪ್ರಯಾಣದಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಖಡಕವಾಸಲಾದಲ್ಲೇ ನಿಲ್ಲಿ.

ಪವನಾ ಮತ್ತು ಮುಳಶಿ: ಎರಡು ಹಸಿರು, ಎರಡು ಸ್ವಭಾವ

ರಾತ್ರಿ ನೀರಿನ ದಂಡೆಯಲ್ಲಿ ಗುಡಾರ ಹಾಕಿ ಮಲಗಬೇಕು ಎನ್ನುವ ಹುಡುಗರು ಕೇಳುವುದು ಪವನಾ. ಲೋಣಾವಳೆಯ ದಕ್ಷಿಣಕ್ಕೆ, ಲೋಹಗಡ, ತಿಕೋನಾ, ತುಂಗ ಕೋಟೆಗಳ ನಡುವೆ ಬಟ್ಟಲಿನಂತೆ ಕುಳಿತ ಜಲಾಶಯ ಇದು. ಪಿಂಪ್ರಿ ಚಿಂಚವಡದ ನಲ್ಲಿಗಳಿಗೆ ಬರುವ ನೀರು ಇಲ್ಲಿಯದೇ. ಕಾರಿಲ್ಲದವರು ಲೋಣಾವಳೆಯ ಲೋಕಲ್ ರೈಲಿನಲ್ಲಿ ಕಾಮಶೇತಕ್ಕೆ ಇಳಿದು ಅಲ್ಲಿಂದ ಪವನಾನಗರಕ್ಕೆ ಹೋಗಬಹುದು. ನವೆಂಬರ್‌ನಿಂದ ಫೆಬ್ರುವರಿವರೆಗೆ ಚಳಿ ಹಿತವಾಗಿ, ಆಕಾಶ ತಿಳಿಯಾಗಿರುತ್ತದೆ. ನಕ್ಷತ್ರ ನೋಡಲು ಪುಣೆಯ ಇಷ್ಟು ಹತ್ತಿರದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಗುಡಾರಗಳ ತಾಣವನ್ನು ಚಿತ್ರ ನೋಡಿ ಆರಿಸಬೇಡಿ, ಫೋನ್ ಮಾಡಿ ಕೇಳಿ ಆರಿಸಿ. ನಾವು ಎರಡು ಕುಟುಂಬ ಸೇರಿ ಹೋದ ಒಂದು ತಾಣದಲ್ಲಿ ರಾತ್ರಿ ಒಂದರವರೆಗೆ ಧ್ವನಿವರ್ಧಕ ಮೊಳಗಿತು. ಬೆಳಿಗ್ಗೆ ನೀರಿನಂಚಿನಲ್ಲಿ ಪ್ಲಾಸ್ಟಿಕ್ ಲೋಟಗಳು ತೇಲುತ್ತಿದ್ದವು. ಅಷ್ಟು ಚಂದದ ದಂಡೆಯನ್ನು ಹಾಗೆ ಕಂಡು ನನಗೆ ನಿಜವಾಗಿ ಸಂಕಟವಾಯಿತು. ಮುಂದಿನ ಬಾರಿ ಧ್ವನಿವರ್ಧಕ ಹಾಕುವುದಿಲ್ಲವೆಂದು ಮೊದಲೇ ಮಾತು ಕೊಟ್ಟ ಹಳ್ಳಿಯ ಮನೆಯವರ ಹೊಲದಲ್ಲಿ ಉಳಿದುಕೊಂಡೆವು. ರಾತ್ರಿ ಮಿಂಚುಹುಳು ಎಣಿಸಿ, ಬೆಳಿಗ್ಗೆ ಅವರ ಮನೆಯ ಪೋಹೆ ತಿಂದು ಬಂದೆವು.

ಅದಕ್ಕಿಂತ ಮುಖ್ಯವಾದ ಮಾತು: ಪವನಾದಲ್ಲಿ ಈಜಬೇಡಿ. ಪ್ರತಿ ವರ್ಷ ಇಲ್ಲಿ ಯುವಕರು ಮುಳುಗಿ ಸಾಯುತ್ತಾರೆ, ಅವರಲ್ಲಿ ಈಜು ಬಲ್ಲವರೂ ಇರುತ್ತಾರೆ. ನಮ್ಮೂರಿನ ಬಾವಿಯಲ್ಲಿ, ಹೊಳೆಯಲ್ಲಿ ಈಜಿ ಬೆಳೆದವರಿಗೆ ಈ ಧೈರ್ಯ ಹೆಚ್ಚು. ಆದರೆ ಜಲಾಶಯದ ತಳ ಹೊಳೆಯ ತಳದಂತಲ್ಲ. ಅದು ಮುಳುಗಿದ ನೆಲ. ಕಾಲಿಗೆ ಹೊಲದ ಬದು ಸಿಗಬಹುದು, ಹಳೆಯ ಮನೆಯ ಗೋಡೆ ಸಿಗಬಹುದು, ಮರದ ಬುಡ ಸಿಗಬಹುದು, ಒಂದು ಹೆಜ್ಜೆ ಮುಂದೆ ಹಳೆಯ ಹಳ್ಳದ ಕೊರಕಲೂ ಇರಬಹುದು. ಮೇಲೆ ಹೂಳು ಕೂತಿರುವುದರಿಂದ ಕಾಲು ಹೂತರೆ ಎಳೆದುಕೊಳ್ಳಲು ಆಧಾರವೇ ಇರುವುದಿಲ್ಲ. ಅಣೆಕಟ್ಟು ನೋಡಲು ಹೋದವರಿಗೆ ದಂಡೆಯಿಂದ ಕಾಣುವುದೇ ಸಾಕಷ್ಟಿದೆ.

ಮುಳಶಿಯ ಸ್ವಭಾವ ಬೇರೆ. ಪೌಡ್ ದಾಟಿ ಪಶ್ಚಿಮಕ್ಕೆ ಹೋದಂತೆ ಸಹ್ಯಾದ್ರಿಯ ಮಳೆ ಗಾಳಿಯಲ್ಲೇ ಗೊತ್ತಾಗುತ್ತದೆ. ಜುಲೈ, ಆಗಸ್ಟಿನಲ್ಲಿ ಮಲೆನಾಡಿನವರಿಗೆ ತವರು ನೆನಪಾಗುವ ದಾರಿ. ಇದು ಟಾಟಾ ಸಂಸ್ಥೆ ವಿದ್ಯುತ್ತಿಗೆಂದು ಮುಳಾ ನದಿಗೆ ಕಟ್ಟಿದ ಅಣೆಕಟ್ಟು. ಪೂರ್ವಕ್ಕೆ ಹರಿಯಬೇಕಾದ ನೀರನ್ನು ಘಟ್ಟದ ಆಚೆಗೆ ಇಳಿಸಿ ರಾಯಗಡ ಜಿಲ್ಲೆಯ ಭಿರಾದಲ್ಲಿ ವಿದ್ಯುತ್ ತೆಗೆಯುತ್ತಾರೆ. ಈ ಅಣೆಕಟ್ಟಿಗಾಗಿ ನೆಲ ಕಳೆದುಕೊಳ್ಳಲಿದ್ದ ಮಾವಳದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಅದರ ಮುಂದಾಳು ಪಾಂಡುರಂಗ ಮಹಾದೇವ ಬಾಪಟ್. 'ಸೇನಾಪತಿ' ಬಾಪಟ್ ಎಂಬ ಹೆಸರು ಅವರಿಗೆ ಅಂಟಿದ್ದು ಈ ಹೋರಾಟದಿಂದಲೇ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಬಾಗಲಕೋಟೆಯ ಬಂಧುಗಳಿದ್ದವರಿಗೆ ಇದರ ಭಾರ ಬಿಡಿಸಿ ಹೇಳಬೇಕಿಲ್ಲ.

ಮುಳಶಿಯಲ್ಲಿ ನೀರಿಗೆ ಇಳಿಯುವ, ದೋಣಿ ಹತ್ತುವ ಆಸೆ ಇಟ್ಟುಕೊಂಡು ಹೋಗಬೇಡಿ. ಇಲ್ಲಿಯ ಸುಖ ರಸ್ತೆಯದು. ಕೆರೆಯನ್ನು ಬಳಸಿಕೊಂಡು ತಾಮ್ಹಿಣಿ ಘಾಟ್‌ವರೆಗೆ ಹೋಗುವುದು, ಜಲಪಾತಗಳನ್ನು ದೂರದಿಂದ ನೋಡುವುದು, ಕಾಡಿನಂಚಿನಲ್ಲಿ ನಿಧಾನವಾಗಿ ನಡೆಯುವುದು. ತಾಮ್ಹಿಣಿ ಈಗ ವನ್ಯಜೀವಿಧಾಮ. ಮರಾಠಿಯಲ್ಲಿ ಶೇಕರು ಎಂದು ಕರೆಯುವ, ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಕೆಂದಳಿಲು ಈ ಘಟ್ಟಗಳದು. ಮರದಿಂದ ಮರಕ್ಕೆ ಅದು ಹಾರುವುದನ್ನು ನೋಡಬೇಕೆಂದರೆ ಮಳೆ ನಿಂತ ಮೇಲೆ, ವಾಹನಗಳು ಶುರುವಾಗುವ ಮುನ್ನ ಹೋಗಬೇಕು. ವಯಸ್ಸಾದವರಿಗೆ ಕಾರಿನಿಂದ ಇಳಿಯದೆಯೂ ಕಣ್ಣು ತುಂಬುವ ಜಾಗವೆಂದರೆ ಮುಳಶಿಯೇ. ಮಾವನವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ವರ್ಷ ನಾವು ಹೋದದ್ದು ಇಲ್ಲಿಗೆ.

ಲೋಣಾವಳೆಯ ಭುಶಿ ಡ್ಯಾಮ್ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಮೆಟ್ಟಿಲುಗಳ ಮೇಲೆ ಹರಿಯುವ ನೀರಿನಲ್ಲಿ ಕುಳಿತುಕೊಳ್ಳುವ ಚಿತ್ರಗಳನ್ನು ನೋಡಿರುತ್ತಾರೆ. 2024ರ ಜೂನ್ 30ರಂದು ಆ ಅಣೆಕಟ್ಟಿನ ಹಿಂಭಾಗದ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು, ಅವರಲ್ಲಿ ಮಕ್ಕಳೂ ಇದ್ದರು. ಮೇಲೆಲ್ಲೋ ಸುರಿದ ಮಳೆ ಕ್ಷಣಗಳಲ್ಲಿ ಕೆಳಗೆ ಬಂದಿತ್ತು. ಮಕ್ಕಳಿರುವ ಮನೆಯವರಿಗೆ ಮಳೆಗಾಲದಲ್ಲಿ ನಾನು ಭುಶಿಯನ್ನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಜಾಗಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು, ಹೊರಡುವ ಹಿಂದಿನ ದಿನ ಸುದ್ದಿ ನೋಡಿಕೊಳ್ಳಿ.

ನಗರದ ಒಳಗೇ ಮುಗಿಸುವುದಾದರೆ

ಪಾಷಾಣ ಕೆರೆ ಮತ್ತು ಕಾತ್ರಜ್ ಕೆರೆ ಇವೆ. ಪಾಷಾಣದಲ್ಲಿ ಬೆಳಗಿನ ನಡಿಗೆಗೆ ಹೋದರೆ ನೇರಳೆ ಜಂಬುಕೋಳಿ, ನಾಮದ ಕೋಳಿ, ಮಿಂಚುಳ್ಳಿ ಸಲೀಸಾಗಿ ಕಾಣುತ್ತವೆ. ಅಂತರಗಂಗೆ ಹಬ್ಬಿದ ತಿಂಗಳುಗಳಲ್ಲಿ ಮಾತ್ರ ನೀರೇ ಕಾಣುವುದಿಲ್ಲ. ಕಾತ್ರಜ್ ಕೆರೆಯನ್ನು ಹದಿನೆಂಟನೆಯ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಕಟ್ಟಿಸಿ, ನೆಲದಡಿಯ ಕಾಲುವೆಯಲ್ಲಿ ನೀರನ್ನು ಶನಿವಾರವಾಡಾದವರೆಗೆ ತರಿಸಿದರು. ಈಗ ಕೆರೆಯ ಪಕ್ಕದಲ್ಲೇ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯ ಇರುವುದರಿಂದ ಐದಾರು ವರ್ಷದ ಮಕ್ಕಳಿಗೆ ಒಂದು ದಿನ ಸಾಕಾಗುವುದಿಲ್ಲ. ಬುಧವಾರ ಅದು ಮುಚ್ಚಿರುತ್ತದೆ.

ಭಿಗವಣ: ಹಕ್ಕಿಗೆಂದೇ ಹೋಗುವುದಾದರೆ

ಈಗ ಭಿಗವಣದ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಯಾವುದನ್ನೂ ನೋಡದೆ ಇದೊಂದನ್ನೇ ನೋಡಿದರೂ ಪುಣೆಗೆ ಬಂದದ್ದು ಸಾರ್ಥಕ ಎಂದು ನಂಬುವವನು ನಾನು.

ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಜಲಾಶಯಕ್ಕೆ ಯಶವಂತಸಾಗರ ಎಂದು ಹೆಸರು. ಒಟ್ಟು 117 ಟಿಎಂಸಿ ನೀರು ಹಿಡಿಯುತ್ತದೆ, ಎಂದರೆ ಪುಣೆಯ ನಾಲ್ಕೂ ಅಣೆಕಟ್ಟುಗಳನ್ನು ಸೇರಿಸಿದರೆ ಎಷ್ಟೋ ಅದರ ನಾಲ್ಕು ಪಟ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 63 ಟಿಎಂಸಿ, ತೂಬಿನ ಮಟ್ಟಕ್ಕಿಂತ ಕೆಳಗಿರುವ ಮೃತ ಸಂಗ್ರಹ. ಬೇಸಿಗೆಯಲ್ಲಿ ಪತ್ರಿಕೆಗಳು ಉಜನಿಯ ಮಟ್ಟ ಮೈನಸ್‌ಗೆ ಹೋಯಿತೆಂದು ಬರೆಯುವುದು ಇದಕ್ಕೇ. ಬಳಸುವ ನೀರು ಮುಗಿದರೂ ಕೆರೆ ಪೂರ್ತಿ ಬತ್ತಿರುವುದಿಲ್ಲ, ಹಕ್ಕಿಗಳಿಗೆ ಬೇಕಾದ ತೆಳುನೀರು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ನೆಲ ಸಪಾಟಾಗಿರುವುದು ಇನ್ನೊಂದು ಅನುಕೂಲ. ಪಾನಶೇತದಂಥ ಗುಡ್ಡದ ನಡುವಿನ ಜಲಾಶಯದಲ್ಲಿ ನೀರು ಐದಡಿ ಇಳಿದರೆ ಒಂದು ಕಿರಿದಾದ ಪಟ್ಟಿ ಮಾತ್ರ ತೆರೆದುಕೊಳ್ಳುತ್ತದೆ. ಭಿಗವಣದ ಬಯಲಿನಲ್ಲಿ ಅಷ್ಟೇ ಇಳಿದರೆ ಎಕರೆಗಟ್ಟಲೆ ಕೆಸರು ಹೊರಬರುತ್ತದೆ. ಪವನಾ, ಮುಳಶಿಗಳು ಎಷ್ಟೇ ಸುಂದರವಾಗಿದ್ದರೂ ರಾಜಹಂಸ ಅಲ್ಲಿಗೆ ಹೋಗದೆ ಇಲ್ಲಿಗೆ ಬರುವುದಕ್ಕೆ ಇದೇ ಕಾರಣ.

ಪುಣೆಯಿಂದ ಹಡಪಸರ, ಯವತ್, ಚೌಫುಲಾ, ಪಾಟಸ್, ಕುರಕುಂಭ ದಾಟಿದರೆ ಸೊಲ್ಲಾಪುರದ ಹೆದ್ದಾರಿಯಲ್ಲೇ ಭಿಗವಣ. ಅಲ್ಲಿಂದ ಒಳಗೆ ಕುಂಭಾರಗಾವ್, ಡಿಕ್ಸಳ್ ಎಂಬ ಊರುಗಳ ದಂಡೆಯಲ್ಲಿ ಮೀನುಗಾರರ ದೋಣಿಗಳು ಸಿಗುತ್ತವೆ. ಹಕ್ಕಿಗಳ ಹೆಸರು ಹೇಳಿ ತೋರಿಸುವ ಸ್ಥಳೀಯ ಹುಡುಗರು ಇದ್ದಾರೆ, ಅವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪುಸ್ತಕ ಓದಿ ಬಂದ ನಮಗಿಂತ ಅವರ ಕಣ್ಣು ಹತ್ತು ಪಟ್ಟು ಚುರುಕು. ಸೂರ್ಯ ಹುಟ್ಟುವ ಹೊತ್ತಿಗೆ ದೋಣಿಯಲ್ಲಿರಬೇಕು. ಒಂಬತ್ತು ಗಂಟೆಯ ಮೇಲೆ ಬಿಸಿಲಿನ ಝಳದಲ್ಲಿ ದೂರದ ಹಕ್ಕಿ ನೀರಿನ ಮೇಲೆ ನಡುಗುವ ಚುಕ್ಕೆಯಂತೆ ಕಾಣುತ್ತದೆ.

ರಾಜಹಂಸವನ್ನು ಮರಾಠಿಯಲ್ಲಿ ರೋಹಿತ ಎನ್ನುತ್ತಾರೆ, ಅಗ್ನಿಪಂಖ ಎಂದೂ ಕರೆಯುತ್ತಾರೆ. ರೆಕ್ಕೆ ಬಿಚ್ಚಿದಾಗ ಒಳಗಿನ ಕೆಂಪು ಹೊತ್ತಿಕೊಂಡಂತೆ ಕಾಣುವುದನ್ನು ಒಮ್ಮೆ ನೋಡಿದರೆ ಎರಡನೆಯ ಹೆಸರು ಏಕೆಂದು ಗೊತ್ತಾಗುತ್ತದೆ. ಇದು ಮೇಯುವ ರೀತಿಯೂ ವಿಚಿತ್ರ. ತಲೆಯನ್ನು ತಲೆಕೆಳಗಾಗಿಸಿ ಕೊಕ್ಕನ್ನು ನೀರಿನಲ್ಲಿ ಅದ್ದಿ, ನಾಲಿಗೆಯಿಂದ ನೀರನ್ನು ಒಳಗೆಳೆದು, ಕೊಕ್ಕಿನ ಅಂಚಿನ ಜರಡಿಯಲ್ಲಿ ಸೋಸಿ ಹೊರಗೆ ಬಿಡುತ್ತದೆ. ಪಾಚಿ ಮತ್ತು ಪುಟ್ಟ ಸಿಗಡಿಯಂಥ ಜೀವಿಗಳು ಒಳಗೆ ಉಳಿಯುತ್ತವೆ. ಅವುಗಳಲ್ಲಿರುವ ಬಣ್ಣದ ಅಂಶವೇ ಅದರ ಗರಿಗೆ ಬರುವುದು. ಗುಂಪಿನಲ್ಲಿ ಬೂದು ಬಿಳಿಯ ಹಕ್ಕಿಗಳು ಕಂಡರೆ ಅವು ಮರಿಗಳು, ಇನ್ನೂ ಬಣ್ಣ ತುಂಬಿಲ್ಲ. ಅವ್ವ ಇದನ್ನು ಕೇಳಿದವಳೇ ಪಕ್ಕದಲ್ಲಿದ್ದ ನನ್ನ ಮಗಳಿಗೆ "ಉಂಡರೆ ಮೈಗೆ ಬಣ್ಣ ಬರುತ್ತದೆ, ನೋಡು" ಎಂದು ಡಬ್ಬಿಯಿಂದ ಚಪಾತಿ ತೆಗೆದುಕೊಟ್ಟಳು.

ರಾಜಹಂಸ ಬಾರದ ವರ್ಷವೂ ಭಿಗವಣ ಬರಿಗೈಯಲ್ಲಿ ಕಳಿಸುವುದಿಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಯೂ ಇಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಅವನ್ನು ನೋಡಿ ಬೆಳೆದವರು ದೋಣಿಯಲ್ಲಿ ಕುಳಿತೇ ಗುರುತು ಹಿಡಿಯುತ್ತಾರೆ. ಚಕ್ರವಾಕ, ಚಮಚದಂಥ ಕೊಕ್ಕಿನ ಕೊಕ್ಕರೆ, ಬಾಯ್ಕಳಕ, ಮೆಟ್ಟುಗಾಲು ಹಕ್ಕಿ, ಮೀನಿಗೆ ಎರಗುವ ಡೇಗೆ, ಒಳನಾಡಿಗೂ ಬರುವ ಕಡಲಹಕ್ಕಿಗಳು, ಬಣ್ಣದ ಕೊಕ್ಕರೆ, ಹೀಗೆ ಬರೆಯುತ್ತ ಹೋದರೆ ಪುಟ ಸಾಲದು. ಬಣ್ಣದ ಕೊಕ್ಕರೆಗಳು ಹತ್ತಿರದ ಭಾದಲವಾಡಿಯ ಕೆರೆಯಲ್ಲಿ ಗೂಡು ಕಟ್ಟುತ್ತವೆ. ಕೊಕ್ಕರೆ ಬೆಳ್ಳೂರಿನ ಮರಗಳನ್ನು ನೋಡಿದವರಿಗೆ ಆ ಗಲಾಟೆ ಪರಿಚಿತ.

ದೋಣಿ ಹತ್ತುವಾಗ ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಿ. 2024ರ ಮೇ ತಿಂಗಳಲ್ಲಿ ಇದೇ ಹಿನ್ನೀರಿನಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಆರು ಜನ ತೀರಿಕೊಂಡರು. ಸಾಗರದಷ್ಟು ಅಗಲದ ನೀರಿನ ಮೇಲೆ ಮಧ್ಯಾಹ್ನದ ನಂತರ ಗಾಳಿ ಹೇಗೆ ಏಳುತ್ತದೆಂದು ಹೇಳಲಾಗದು. ಜಾಕೆಟ್ ಇಲ್ಲ, ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಇಳಿದು ಬೇರೆ ದೋಣಿ ನೋಡಿ. ನಾವು ಒಮ್ಮೆ ಹಾಗೆ ಇಳಿದಿದ್ದೇವೆ, ಮುಂಗಡ ಕೊಟ್ಟ ಹಣ ಹೋಯಿತು, ಹೋಗಲಿ. ಇನ್ನು ಹಕ್ಕಿಗಳ ಪರವಾಗಿ ಒಂದು ಕೋರಿಕೆ. ಗುಂಪು ಹಾರುವ ಚಿತ್ರ ಬೇಕೆಂದು ದೋಣಿಯನ್ನು ಅವುಗಳ ನಡುವೆ ನುಗ್ಗಿಸಲು ಕೆಲವರು ಒತ್ತಾಯಿಸುತ್ತಾರೆ. ದೂರದಿಂದ ಹಾರಿ ಬಂದ ಹಕ್ಕಿ ಮರಳಿ ಹೋಗಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತದೆ. ದಿನಕ್ಕೆ ಹತ್ತು ದೋಣಿ ಹತ್ತು ಸಲ ಎಬ್ಬಿಸಿದರೆ ಅದು ಉಣ್ಣುವುದು ಯಾವಾಗ? ದೂರದಲ್ಲೇ ಯಂತ್ರ ನಿಲ್ಲಿಸಿ, ಹುಟ್ಟು ಹಾಕಿಸಿ, ಸುಮ್ಮನೆ ಕುಳಿತುಕೊಳ್ಳಿ. ಕಾಲು ಗಂಟೆಯಲ್ಲಿ ಅವೇ ಮೇಯುತ್ತ ಹತ್ತಿರ ಬರುತ್ತವೆ.

ಮರಳುವಾಗ ಹೆದ್ದಾರಿಯ ಖಾನಾವಳಿಗಳಲ್ಲಿ ಮೀನು ಊಟ ಪ್ರಸಿದ್ಧ. ಇಲ್ಲಿ ಹೆಚ್ಚು ಸಿಗುವ ಮೀನನ್ನು ಚಿಲಾಪಿ ಎನ್ನುತ್ತಾರೆ. ಕೆಟ್ಟ ನೀರನ್ನೂ ತಾಳಿಕೊಂಡು ಬೆಳೆಯುವ ಮೀನು ಅದು, ಅದು ಹೆಚ್ಚಾಗಿರುವುದು ಸಂತೋಷದ ಸುದ್ದಿಯೇನಲ್ಲ. ಪುಣೆ ಮತ್ತು ಪಿಂಪ್ರಿ ಚಿಂಚವಡದ ಕೊಳಚೆ ಮುಳಾ ಮುಠಾದಲ್ಲಿ ಹರಿದು ಭೀಮಾ ಸೇರಿ ಉಜನಿಗೆ ಬಂದು ನಿಲ್ಲುತ್ತದೆ. ಉಜನಿಯಿಂದ ಹೊರಟ ನೀರು ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಮುಂದೆ ನಮ್ಮ ವಿಜಯಪುರ, ಕಲಬುರಗಿಯ ದಂಡೆಗಳನ್ನು ತೊಳೆದು, ಗಾಣಗಾಪುರದ ಸಂಗಮ ದಾಟಿ ಕೃಷ್ಣೆಯನ್ನು ಸೇರುತ್ತದೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಉಜನಿಯಿಂದ ಎಷ್ಟು ಬಿಟ್ಟರು ಎಂದು ನಮ್ಮೂರಿನವರು ಗಂಟೆಗೊಮ್ಮೆ ನನಗೆ ಫೋನ್ ಮಾಡಿ ಕೇಳುತ್ತಿದ್ದರು. ಸಿಂಹಗಡ ರಸ್ತೆಯ ನಮ್ಮ ಮನೆಯ ಬಚ್ಚಲಿನ ನೀರು ಅವ್ವನ ಊರಿನ ಹೊಳೆಗೆ ಹೋಗುತ್ತದೆಂದು ತಿಳಿದ ಮೇಲೆ ಬಟ್ಟೆ ಒಗೆಯುವ ಪುಡಿಯನ್ನು ಅಳೆದು ಹಾಕುತ್ತೇವೆ. ನೀರನ್ನು ಶುದ್ಧೀಕರಿಸಿಯೇ ನದಿಗೆ ಬಿಡಬೇಕೆಂದು ನಮ್ಮ ಸೊಸೈಟಿಯ ಸಭೆಯಲ್ಲಿ ಪ್ರತಿ ವರ್ಷ ಕೇಳುತ್ತೇನೆ.

ಬೇಸಿಗೆ ತೀರಾ ಬಿಸಿಯಾಗಿ, ನೀರು ತೀರಾ ಇಳಿದ ವರ್ಷಗಳಲ್ಲಿ ಇಲ್ಲಿ ಇನ್ನೊಂದು ನೋಟವಿದೆ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಪಳಸದೇವದ ಕಲ್ಲಿನ ದೇಗುಲ ಮೇಲೆ ಏಳುತ್ತದೆ. ಜನ ಕೆಸರು ಒಣಗಿದ ನೆಲದ ಮೇಲೆ ನಡೆದು ಹೋಗಿ ಹೂ ಇಟ್ಟು ಬರುತ್ತಾರೆ.

ಯಾರ ಜೊತೆ, ಯಾವಾಗ

ಇಷ್ಟನ್ನೂ ಒಂದು ಕುಟುಂಬದ ಲೆಕ್ಕಕ್ಕೆ ಇಳಿಸಿದರೆ ಹೀಗೆ ಹೇಳುತ್ತೇನೆ. ಆಗಸ್ಟಿನಲ್ಲಿ ಬಂದ ನೆಂಟರಿಗೆ ಮುಳಶಿ, ಸಮಯವಿಲ್ಲದಿದ್ದರೆ ಖಡಕವಾಸಲಾ. ದಸರಾ ರಜೆಗೆ ಬಂದವರಿಗೆ ಖಡಕವಾಸಲಾ ಮತ್ತು ಸಿಂಹಗಡ ಒಟ್ಟಿಗೆ. ಡಿಸೆಂಬರ್ ರಜೆಯ ಕಾಲೇಜು ಹುಡುಗರಿಗೆ ಪವನಾ, ಈಜುವುದಿಲ್ಲವೆಂದು ಮಾತು ತೆಗೆದುಕೊಂಡು. ಸಂಕ್ರಾಂತಿಯಿಂದ ಹೋಳಿ ಹುಣ್ಣಿಮೆಯವರೆಗೆ ಬಂದವರು ಯಾರೇ ಆಗಿರಲಿ, ನಾಲ್ಕು ಗಂಟೆಗೆ ಏಳಲು ಒಪ್ಪಿದರೆ ಭಿಗವಣ. ಕಲಬುರಗಿ, ವಿಜಯಪುರದ ಕಡೆಗೆ ಕಾರಿನಲ್ಲಿ ಮರಳುವವರಿಗೆ ಅದು ದಾರಿಯಲ್ಲೇ ಇದೆ, ಪುಣೆಯಿಂದ ಎರಡು ಗಂಟೆ ಬೇಗ ಹೊರಟರೆ ಸಾಕು. ಮೇ ತಿಂಗಳಲ್ಲಿ ಬಂದವರನ್ನು ನಾನು ಯಾವ ಜಲಾಶಯಕ್ಕೂ ಕರೆದೊಯ್ಯುವುದಿಲ್ಲ, ಪಾಷಾಣದಲ್ಲಿ ಬೆಳಗಿನ ನಡಿಗೆ ಮಾಡಿಸಿ ಮಾವಿನ ಹಣ್ಣು ತಿನ್ನಿಸಿ ಕಳಿಸುತ್ತೇನೆ.

ಭಿಗವಣಕ್ಕೆ ಹೋಗುವ ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡುವಾಗ ರಾಜಹಂಸ ಬಂದಿದೆಯೇ ಎಂದು ಕೇಳಬೇಡಿ. ಬಂದವರು ನಿರಾಶರಾಗಬಾರದೆಂದು ಅವರು ಬಂದಿದೆ ಎಂದೇ ಹೇಳುತ್ತಾರೆ. "ಪಾಣೀ ಕಿತೀ ಉತರಲಂಯ?" ಎಂದು ಕೇಳಿ. ನೀರು ಎಷ್ಟು ಇಳಿದಿದೆ ಎಂಬ ಪ್ರಶ್ನೆಗೆ ಅವರು ಮೊಣಕಾಲು, ಸೊಂಟ, ಎದೆ ಎಂದು ಮಟ್ಟ ಹೇಳುತ್ತಾರೆ. ಮೊಣಕಾಲು ಎಂದರೆ ಅಲಾರಾಂ ಇಟ್ಟು ಮಲಗಿ.